ಕ್ಯಾನ್ಸರ್ ನೋವು: ಡಾಕ್ಟರು ಕೇಳದಿದ್ದರೆ ನೀವೇ ಹೇಳಿ

ಈ ಅಂಕಣದಲ್ಲಿ ಕೀಮೋಥೆರಪಿ ಕುರಿತ ಉತ್ತರಗಳು ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ನೋವಿನದೇ ಮಾತು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್. ಅದು ಬೆನ್ನುಮೂಳೆಗೂ ಹರಡಿದೆ. ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ಸ್ಕ್ಯಾನ್ ನೋಡುತ್ತಾರೆ, ರಕ್ತಪರೀಕ್ಷೆಯ ವರದಿ ನೋಡುತ್ತಾರೆ, ಮುಂದಿನ ಕೀಮೋ ತಾರೀಖು ಬರೆದುಕೊಡುತ್ತಾರೆ. ನೋವಿನ ಮಾತೆತ್ತಿದರೆ ‘ಅದೇ ಮಾತ್ರೆ ಮುಂದುವರಿಸಿ’ ಎನ್ನುತ್ತಾರೆ. ಕ್ಯಾನ್ಸರ್ ಡಾಕ್ಟರುಗಳಿಗೆ ರೋಗಿಯ ನೋವು ದೊಡ್ಡ ವಿಷಯವೇ ಅಲ್ಲವೇ?
– ಓದುಗರು, ಹಾಸನ

ಉತ್ತರ: ದೊಡ್ಡ ವಿಷಯವೇ ಹೌದೆಂದು ಬಹುತೇಕ ಎಲ್ಲ ಕ್ಯಾನ್ಸರ್ ವೈದ್ಯರೂ ಒಪ್ಪುತ್ತಾರೆ. ಆದರೆ ಅವರು ಒಪ್ಪುವುದಕ್ಕೂ ಅವರ ಕೋಣೆಯಲ್ಲಿ ನಡೆಯುವುದಕ್ಕೂ ಅಂತರವಿದೆ. ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ವೈದ್ಯರನ್ನೇ ಕೇಳಿ ತಿಳಿದುಕೊಂಡ ಎರಡು ದೊಡ್ಡ ಸಮೀಕ್ಷೆಗಳು ಅಮೆರಿಕದಲ್ಲಿ ನಡೆದಿವೆ. 1993ರಲ್ಲಿ ಪ್ರಕಟವಾದ ಮೊದಲನೆಯ ಸಮೀಕ್ಷೆಗೆ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ 897 ವೈದ್ಯರು ಉತ್ತರ ಕೊಟ್ಟಿದ್ದರು. ನೋವಿನಿಂದ ಬಳಲುವ ರೋಗಿಗಳಲ್ಲಿ ಹೆಚ್ಚಿನವರಿಗೆ ಬೇಕಾದಷ್ಟು ಔಷಧ ಸಿಗುತ್ತಿಲ್ಲ ಎಂದು ಅವರಲ್ಲಿ ಶೇ. 86ರಷ್ಟು ಮಂದಿ ಹೇಳಿದರು. ತಮ್ಮಲ್ಲಿ ನೋವಿನ ಚಿಕಿತ್ಸೆ ಚೆನ್ನಾಗಿದೆ ಎಂದವರು ಅರ್ಧದಷ್ಟು ಮಾತ್ರ. ಇದಕ್ಕೆ ಅಡ್ಡಿಯೇನು ಎಂಬ ಪ್ರಶ್ನೆಗೆ ಶೇ. 76ರಷ್ಟು ವೈದ್ಯರು ಬೊಟ್ಟು ಮಾಡಿದ್ದು ಒಂದೇ ಸಂಗತಿಯ ಕಡೆಗೆ: ರೋಗಿಗೆ ಎಷ್ಟು ನೋವಿದೆ ಎಂಬುದನ್ನು ಸರಿಯಾಗಿ ವಿಚಾರಿಸದಿರುವುದು.

ಎರಡನೆಯ ಸಮೀಕ್ಷೆ 2011ರದು. 610 ಕ್ಯಾನ್ಸರ್ ತಜ್ಞರು ಅದರಲ್ಲಿ ಪಾಲ್ಗೊಂಡಿದ್ದರು. ನೋವು ನಿಭಾಯಿಸುವುದರಲ್ಲಿ ತಮ್ಮ ವಿಭಾಗಕ್ಕೆ ಅವರು ಕೊಟ್ಟುಕೊಂಡ ಅಂಕ ಹತ್ತಕ್ಕೆ ಸುಮಾರು 7, ಆದರೆ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದಲ್ಲಿ ತಮಗೆ ಸಿಕ್ಕ ತರಬೇತಿಗೆ ಕೊಟ್ಟದ್ದು 3. ಬಲವಾದ ನೋವುನಿವಾರಕ ಬರೆದುಕೊಡಲು ತಾವು ಹಿಂಜರಿಯುವುದಿಲ್ಲ, ಹಿಂಜರಿಯುವವರು ತಮ್ಮ ಸಹೋದ್ಯೋಗಿಗಳು ಎಂಬುದು ಅವರ ಸಾಮಾನ್ಯ ಅಭಿಪ್ರಾಯವಾಗಿತ್ತು. ಆಮೇಲೆ ಕಲ್ಪಿತ ರೋಗಿಗಳ ಎರಡು ಸನ್ನಿವೇಶಗಳನ್ನು ಕೊಟ್ಟು ಏನು ಮಾಡುತ್ತೀರಿ ಎಂದು ಕೇಳಲಾಯಿತು. ಒಂದು ಸನ್ನಿವೇಶದಲ್ಲಿ ಶೇ. 60, ಇನ್ನೊಂದರಲ್ಲಿ ಶೇ. 87 ಮಂದಿ ಆರಿಸಿಕೊಂಡ ಚಿಕಿತ್ಸೆಯನ್ನು ನೋವಿನ ತಜ್ಞರು ಒಪ್ಪುವಂತಿರಲಿಲ್ಲ. ಈ ಅಂಕಿಗಳನ್ನು ನಾನು ಆಗಾಗ ನೆನೆಯುತ್ತೇನೆ. ಇಲ್ಲಿ ಕೊರತೆಯಾಗಿರುವುದು ಕರುಣೆಯಲ್ಲ. ತನಗೆ ತಿಳಿದಿದೆ ಎಂದು ವೈದ್ಯ ನಂಬಿರುವ ವಿಷಯ ನಿಜಕ್ಕೂ ಅವನಿಗೆ ಪೂರ್ತಿ ತಿಳಿದಿಲ್ಲ, ಅದನ್ನು ಅವನಿಗೆ ಯಾರೂ ಕಲಿಸಿಯೂ ಇಲ್ಲ.

ನಮ್ಮಲ್ಲಿ ಇದರ ಜೊತೆಗೆ ಜನಜಂಗುಳಿಯೂ ಸೇರಿಕೊಳ್ಳುತ್ತದೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಗಡ್ಡೆ ಕರಗಿತೇ, ಬಿಳಿರಕ್ತಕಣ ಕುಸಿದಿದೆಯೇ, ಮುಂದಿನ ಸುತ್ತು ಕೊಡಬಹುದೇ ಎಂದು ನೋಡುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ರೋಗಿಗಳೂ ಸುಲಭವಾಗಿ ಬಾಯಿ ಬಿಡುವುದಿಲ್ಲ. ‘ಹೇಗಿದ್ದೀರಿ ಯಜಮಾನರೇ?’ ಎಂದರೆ ‘ಪರವಾಗಿಲ್ಲ ಸಾರ್’ ಎನ್ನುತ್ತಾರೆ. ಅವರು ಎದ್ದು ಬಾಗಿಲ ಹತ್ತಿರ ಹೋದ ಮೇಲೆ ಮಗಳು ಹಿಂದಕ್ಕೆ ಬಂದು, ‘ಡಾಕ್ಟ್ರೇ, ಅಪ್ಪ ನಾಲ್ಕು ದಿನದಿಂದ ಮಲಗೇ ಇಲ್ಲ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರ್ತಾರೆ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ನೋವು ಹೇಳಿಕೊಂಡರೆ ಡಾಕ್ಟರು ಕೀಮೋ ನಿಲ್ಲಿಸಿಬಿಡಬಹುದು, ಅಥವಾ ರೋಗ ಹೆಚ್ಚಾಗಿದೆ ಎಂಬ ಮಾತು ಕೇಳಬೇಕಾಗಬಹುದು ಎಂಬ ಭಯ ಅನೇಕರಿಗೆ ಇರುತ್ತದೆ. ಅಮೆರಿಕದ ವೈದ್ಯರೂ 2011ರಲ್ಲಿ ಹೆಸರಿಸಿದ ಮುಖ್ಯ ಅಡ್ಡಿಗಳಲ್ಲಿ ರೋಗಿಗಳ ಈ ಸಂಕೋಚ ಒಂದು.

ಆದ್ದರಿಂದ ನೀವು ಒಂದು ಕೆಲಸ ಮಾಡಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದೊಳಗೆ ಬೆಳಿಗ್ಗೆ ಮತ್ತು ರಾತ್ರಿ ತಂದೆಯವರ ನೋವಿಗೆ ಒಂದು ಅಂಕ ಬರೆಯಿರಿ. ನೋವೇ ಇಲ್ಲದಿದ್ದರೆ 0, ಅವರು ಊಹಿಸಬಲ್ಲ ಅತಿ ಕೆಟ್ಟ ನೋವಿಗೆ 10. ಅಂಕವನ್ನು ಅವರೇ ಹೇಳಬೇಕು, ನೀವು ಅಂದಾಜು ಮಾಡಬಾರದು. ನೋವು ಎಲ್ಲಿ, ಉರಿಯೋ ಸೆಳೆತವೋ ಚುಚ್ಚುವಿಕೆಯೋ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಇಳಿಯುತ್ತದೆ, ಮತ್ತೆ ಯಾವಾಗ ಏರುತ್ತದೆ, ನಿದ್ದೆ ಬಂತೇ, ಇಷ್ಟನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಆ ಹಾಳೆಯನ್ನು ಹರಿದು ತಂದು, ಸ್ಕ್ಯಾನ್ ಫೈಲು ಬಿಚ್ಚುವ ಮೊದಲೇ ಡಾಕ್ಟರ ಮೇಜಿನ ಮೇಲಿಡಿ. ರಕ್ತದೊತ್ತಡದ ಅಂಕಿಯನ್ನು ಕಂಡ ವೈದ್ಯ ಅದನ್ನು ಹಾಗೇ ಬಿಡುವುದಿಲ್ಲವಲ್ಲ, ‘8’ ಎಂದು ಬರೆದ ನೋವನ್ನೂ ಬಿಡುವುದು ಕಷ್ಟ.

ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೆರಡು ಮಾತು ಹೇಳಲೇಬೇಕು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಮಾತ್ರೆಯೊಂದೇ ದಾರಿಯಲ್ಲ. ನೋಯುವ ಜಾಗಕ್ಕೆ ರೇಡಿಯೇಷನ್, ಅಂದರೆ ನಮ್ಮ ಜನ ‘ಕರೆಂಟ್ ಕೊಡಿಸುವುದು’ ಎನ್ನುವ ಚಿಕಿತ್ಸೆ, ಅನೇಕರಲ್ಲಿ ನೋವನ್ನು ಚೆನ್ನಾಗಿ ಇಳಿಸುತ್ತದೆ. ಹಲವು ಸಂದರ್ಭಗಳಲ್ಲಿ ಇದನ್ನು ಒಂದೇ ದಿನ, ಒಂದೇ ಬಾರಿಗೆ ಕೊಟ್ಟು ಮುಗಿಸಬಹುದು. ಅದು ತಂದೆಯವರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಇನ್ನೊಂದು, ಬೆನ್ನುನೋವು ಹಠಾತ್ತನೆ ಹೆಚ್ಚಾಗಿ ಕಾಲಿನಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಅಥವಾ ಮೂತ್ರ ಕಟ್ಟಿಕೊಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದೇ ದಿನ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಾಲಿನ ಶಕ್ತಿ ಮರಳಿ ಬರದೇ ಹೋಗಬಹುದು.

ಪ್ರಶ್ನೆ: ಅಮ್ಮನಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ನಾಲ್ಕು ಗಂಟೆಗೊಮ್ಮೆ ನುಂಗಲು ಮಾರ್ಫಿನ್ ಎಂಬ ಬಲವಾದ ನೋವುನಿವಾರಕ ಮಾತ್ರೆ ಬರೆದಿದ್ದಾರೆ. ಅದು ಸಾಯುವ ಮುಂಚೆ ಕೊಡುವ ಔಷಧ, ಕೊಟ್ಟರೆ ಚಟ ಹತ್ತುತ್ತದೆ ಎಂದು ದೊಡ್ಡಪ್ಪ ಬೇಡವೆನ್ನುತ್ತಾರೆ. ಅಮ್ಮನೂ ತೀರಾ ತಡೆಯಲಾರದೆ ಹೋದಾಗ ಮಾತ್ರ ಒಂದು ನುಂಗುತ್ತಾರೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ದೊಡ್ಡಪ್ಪನವರನ್ನು ದೂರಬೇಡಿ. ಅವರ ಅಭಿಪ್ರಾಯ ಒಂದು ಕಾಲಕ್ಕೆ ವೈದ್ಯರದ್ದೂ ಆಗಿತ್ತು. ಮೇಲೆ ಹೇಳಿದ 1993ರ ಸಮೀಕ್ಷೆಯಲ್ಲಿ ಶೇ. 31ರಷ್ಟು ವೈದ್ಯರು, ರೋಗಿ ಇನ್ನು ಬದುಕುವುದು 6 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಎಂದಾಗುವವರೆಗೆ ಪೂರ್ಣ ಪ್ರಮಾಣದ ನೋವುನಿವಾರಕ ಕೊಡದೆ ಕಾಯುತ್ತೇವೆ ಎಂದಿದ್ದರು. ಔಷಧವನ್ನು ಕೊನೆಗಾಲಕ್ಕೆ ಎತ್ತಿಟ್ಟರೆ ಜನರು ಅದನ್ನು ಕಾಣುವುದು ಕೊನೆಗಾಲದಲ್ಲೇ. ಸಾವು ತಂದದ್ದು ರೋಗವಾದರೂ ಹೆಸರು ಕೆಟ್ಟದ್ದು ಮಾರ್ಫಿನ್‌ನದು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವೊಂದನ್ನು ಸೂಚಿಸಿತು. ಅಲ್ಪ ನೋವಿಗೆ ಪ್ಯಾರಾಸಿಟಮಾಲ್‌ನಂತಹ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಕೊಡೀನ್, ಟ್ರಮಡಾಲ್‌ನಂತಹ ಮಧ್ಯಮ ಔಷಧ, ತೀವ್ರ ನೋವಿಗೆ ಮಾರ್ಫಿನ್. ಇಂದು ನೋವು ತೀವ್ರವಾಗಿದ್ದರೆ ಮೊದಲ ಮೆಟ್ಟಿಲುಗಳನ್ನು ಹತ್ತುತ್ತಾ ದಿನ ಕಳೆಯಬೇಕೆಂಬ ಕಡ್ಡಾಯವಿಲ್ಲ. 2018ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಮೆಟ್ಟಿಲುಗಳು ಒಂದು ಸಾಮಾನ್ಯ ಸೂಚನೆಯಾಗಿ ಮಾತ್ರ ಉಳಿದಿವೆ. ಯಾವ ಔಷಧ ಎಂಬುದನ್ನು ತೀರ್ಮಾನಿಸುವುದು ನೋವಿನ ತೀವ್ರತೆ. ಉಳಿದ ಆಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಮಾರ್ಫಿನ್ ನುಂಗುತ್ತಲೇ ಮನೆಗೆಲಸ ಮಾಡಿಕೊಂಡು, ಕೀಮೋ ಪಡೆಯುತ್ತಾ ಇರುವವರು ಎಷ್ಟೋ ಮಂದಿ. ರೇಡಿಯೇಷನ್ ಕೆಲಸ ಮಾಡಿ ನೋವು ಇಳಿದ ಮೇಲೆ ಹಂತಹಂತವಾಗಿ ಪ್ರಮಾಣ ತಗ್ಗಿಸಿ ನಿಲ್ಲಿಸಿದವರೂ ಇದ್ದಾರೆ.

ಚಟದ ಮಾತು. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಟ್ಟನೆ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಕಾಣಿಸಬಹುದು. ಇದನ್ನು ಚಟವೆನ್ನುವುದಿಲ್ಲ; ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರೂ ಅದನ್ನು ತಟ್ಟನೆ ಬಿಡುವಂತಿಲ್ಲ. ಚಟವೆಂದರೆ ನೋವಿಲ್ಲದಿದ್ದರೂ ಅಮಲಿಗಾಗಿ ಹಂಬಲಿಸುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು. ನೋವಿರುವ ಕ್ಯಾನ್ಸರ್ ರೋಗಿ ವೈದ್ಯರ ನಿಗಾದಲ್ಲಿ ತೆಗೆದುಕೊಂಡಾಗ ಹೀಗಾಗುವುದು ವಿರಳ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಗುಣವಾಗದ ರೋಗಿಗಳ ಆರೈಕೆಯ ಆಸ್ಪತ್ರೆ ತೆರೆದ ಡಾ. ಸಿಸಿಲಿ ಸಾಂಡರ್ಸ್ ಅದಕ್ಕೂ ಮೊದಲೇ, ಗಡಿಯಾರ ನೋಡಿ ಕ್ರಮವಾಗಿ ಬಾಯಿಯ ಮೂಲಕ ಮಾರ್ಫಿನ್ ಕೊಡುತ್ತಾ, ರೋಗಿಗಳು ಎಚ್ಚರವಾಗಿ, ನೆಮ್ಮದಿಯಾಗಿ ಇರುವುದನ್ನು ದಾಖಲಿಸಿದ್ದರು.

ಗಡಿಯಾರ ನೋಡಿ ಕೊಡುವ ಈ ಕ್ರಮವೇ ನಿಮ್ಮ ಅಮ್ಮನ ವಿಷಯದಲ್ಲಿ ನಡೆಯದೇ ಹೋಗಿರುವುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ನೋವು ಹೊತ್ತಿಕೊಂಡ ಮೇಲೆ ನುಂಗಿದರೆ ಅದನ್ನು ಆರಿಸಲು ಹೆಚ್ಚು ಔಷಧ ಬೇಕು, ಅಷ್ಟು ಹೊತ್ತು ಅಮ್ಮ ಒದ್ದಾಡಬೇಕು. ನೋವು ಇರಲಿ ಇಲ್ಲದಿರಲಿ, ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಹೊತ್ತು ಗೊತ್ತುಮಾಡಿಕೊಂಡು ಕೊಡಿ. ನಡುರಾತ್ರಿ ಎಬ್ಬಿಸುವುದು ಬೇಡವೆಂದು ಕೆಲವು ವೈದ್ಯರು ಮಲಗುವ ಹೊತ್ತಿನ ಪ್ರಮಾಣವನ್ನೇ ಹೆಚ್ಚು ಮಾಡಿ ಬರೆಯುತ್ತಾರೆ. ಅದನ್ನು ನೀವಾಗಿಯೇ ಮಾಡದೆ ಅವರನ್ನು ಕೇಳಿ. ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಮಾತ್ರೆ ಯಾವುದು, ಎಷ್ಟು ಎಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

ಮಾರ್ಫಿನ್ ತೆಗೆದುಕೊಳ್ಳುವ ಬಹುತೇಕ ಎಲ್ಲರಿಗೂ ಮಲಬದ್ಧತೆ ಆಗುತ್ತದೆ, ದಿನ ಕಳೆದಂತೆ ತಾನಾಗಿ ಹೋಗುವುದೂ ಇಲ್ಲ. ಹಣ್ಣು, ನೀರು ಸಾಲದು. ಮಲ ಸಡಿಲಿಸುವ ಮಾತ್ರೆಯನ್ನು ಮೊದಲ ದಿನದಿಂದಲೇ ಜೊತೆಯಲ್ಲಿ ಕೊಡಬೇಕು. ಮಾರ್ಫಿನ್ ಬೇಡವೆಂದು ಬಿಟ್ಟವರಲ್ಲಿ ಅನೇಕರು ಬಿಟ್ಟದ್ದು ಈ ಒಂದು ತೊಂದರೆಗೆ ಎಂಬುದು ನನ್ನ ಅನುಭವ, ಇದು ಪೂರ್ತಿಯಾಗಿ ತಪ್ಪಿಸಬಹುದಾದದ್ದು. ವಾಕರಿಕೆ ಮತ್ತು ಮಂಪರು ಮೊದಲ ಕೆಲವು ದಿನ ಇದ್ದು ಸಾಮಾನ್ಯವಾಗಿ ತಗ್ಗುತ್ತವೆ. ಆದರೆ ಅಮ್ಮ ಕರೆದರೂ ಸರಿಯಾಗಿ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಗೊಂದಲದಲ್ಲಿ ಮಾತಾಡತೊಡಗಿದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಬಗೆಯ ಕ್ಯಾನ್ಸರಿನಲ್ಲಿ ಮೂತ್ರನಾಳಕ್ಕೆ ತಡೆಯುಂಟಾಗಿ ಮೂತ್ರಪಿಂಡದ ಕೆಲಸ ಕುಗ್ಗಬಹುದು, ಆಗ ಮಾರ್ಫಿನ್ ದೇಹದಲ್ಲಿ ಶೇಖರವಾಗುತ್ತದೆ. ಅಂಥವರಿಗೆ ವೈದ್ಯರು ಪ್ರಮಾಣ ಬದಲಿಸುತ್ತಾರೆ, ಇಲ್ಲವೇ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯಂತಹ ಬೇರೆ ಔಷಧಕ್ಕೆ ಹೋಗುತ್ತಾರೆ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಮನೆಯಲ್ಲಿ ಬೇರೆ ಯಾರಿಗೂ ಬೆನ್ನುನೋವೆಂದು ಒಂದನ್ನೂ ಕೊಡಬೇಡಿ.

ಪ್ರಶ್ನೆ: ನಮ್ಮ ಪಟ್ಟಣದ ಯಾವ ಮೆಡಿಕಲ್ ಶಾಪಿನಲ್ಲೂ ಮಾರ್ಫಿನ್ ಇಲ್ಲ. ಕೇಳಿದರೆ ಕಳ್ಳರನ್ನು ನೋಡಿದಂತೆ ನೋಡುತ್ತಾರೆ. ಇಷ್ಟು ಅಗತ್ಯವಾದ ಔಷಧ ಯಾಕೆ ಸಿಗುವುದಿಲ್ಲ?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಗಸಗಸೆ ಬೆಳೆದು, ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅದರ ಅಫೀಮನ್ನು ಸಂಸ್ಕರಿಸಿ, ಹೊರದೇಶಗಳಿಗೂ ಕಳಿಸುತ್ತಾ ಬಂದ ದೇಶ ನಮ್ಮದು. ಅಂಥ ದೇಶದ ರೋಗಿಗೇ ಮಾತ್ರೆ ಸಿಗದಂತಾದದ್ದು 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ನಂತರ. ಕಾಯ್ದೆ ಮಾರ್ಫಿನ್ ಚಿಕಿತ್ಸೆಯನ್ನು ನಿಷೇಧಿಸಿರಲಿಲ್ಲ. ಆದರೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ನಿಯಮ, ಒಂದು ಆಸ್ಪತ್ರೆಗೆ ಔಷಧ ತರಿಸಲು ಹಲವು ಇಲಾಖೆಗಳ ಹಲವು ಪರವಾನಗಿ, ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲಿನ ಭಯ. ಆಸ್ಪತ್ರೆಗಳು, ಅಂಗಡಿಗಳು ಅದರ ಗೊಡವೆಯೇ ಬೇಡವೆಂದವು. 1997ರ ಹೊತ್ತಿಗೆ ಇಡೀ ದೇಶದ ವಾರ್ಷಿಕ ಬಳಕೆ 20 ಕಿಲೋಗ್ರಾಮಿಗಿಂತ ಕೆಳಗಿಳಿದಿತ್ತು. ಮಾರ್ಫಿನ್ ಕಾಣದೆಯೇ ಒಂದು ತಲೆಮಾರಿನ ವೈದ್ಯರು ಓದು ಮುಗಿಸಿದರು. ನಮ್ಮಲ್ಲಿ ಅನೇಕ ವೈದ್ಯರ ಹಿಂಜರಿಕೆಗೆ ಇದು ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ.

2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಕೇರಳದ ನೋವಿನ ಚಿಕಿತ್ಸೆಯ ವೈದ್ಯ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರಂತಹವರು ವರ್ಷಗಟ್ಟಲೆ ಪಟ್ಟು ಹಿಡಿದದ್ದರ ಫಲ ಅದು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳನ್ನು ‘ಅಗತ್ಯ ಮಾದಕ ಔಷಧ’ಗಳೆಂದು ಹೆಸರಿಸಿ, ದೇಶಕ್ಕೆಲ್ಲ ಒಂದೇ ನಿಯಮ ಮಾಡಲಾಯಿತು. ಈಗ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಮಾನ್ಯತೆಯೊಂದಿದ್ದರೆ ಆಸ್ಪತ್ರೆ ಇವನ್ನು ತರಿಸಿ ಇಟ್ಟುಕೊಳ್ಳಬಹುದು. ಹೀಗಾಗಿ ಮೆಡಿಕಲ್ ಶಾಪ್‌ಗಳನ್ನು ಸುತ್ತಬೇಡಿ, ಮಾನ್ಯತೆ ಪಡೆದ ಆಸ್ಪತ್ರೆಯನ್ನು ಹುಡುಕಿ. ನಿಮ್ಮ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆ ಬರುವವರಾದರೆ, ಮುಂದಿನ ಭೇಟಿಯವರೆಗೆ ಸಾಲುವಷ್ಟು ಮಾತ್ರೆಯನ್ನು ಅಲ್ಲಿಯೇ ಕೇಳಿ ಪಡೆಯಿರಿ. ರೋಗಿ ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮನೆಯವರು ದಾಖಲೆ ತಂದು ಒಯ್ಯಬಹುದೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಚೀಟಿಯ ಪ್ರತಿ ಸದಾ ಜೊತೆಯಲ್ಲಿರಲಿ.

ಪ್ರಶ್ನೆ: ಡಾಕ್ಟರು ನನ್ನ ಹೆಂಡತಿಯನ್ನು ಉಪಶಮನ ಚಿಕಿತ್ಸೆಯ (ನೋವು, ಸಂಕಟ ತಗ್ಗಿಸುವ ಆರೈಕೆಯ) ವಿಭಾಗಕ್ಕೆ ಬರೆದುಕೊಟ್ಟರು. ಹಾಗೆಂದರೆ ಕೈಬಿಟ್ಟರು ಎಂದೇ ಅರ್ಥವೇ? ಕೀಮೋ ಇನ್ನೂ ನಡೆಯುತ್ತಿದೆ.
– ಓದುಗರು, ಮೈಸೂರು

ಉತ್ತರ: ಕೀಮೋ ನಡೆಯುತ್ತಿರುವಾಗಲೇ ಬರೆದುಕೊಟ್ಟಿದ್ದರೆ ನಿಮ್ಮ ಡಾಕ್ಟರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಹಾಗೆ ಮಾಡುವವರು ಕಡಿಮೆ. 2011ರ ಸಮೀಕ್ಷೆಯಲ್ಲಿ ರೋಗಿಗಳನ್ನು ಆಗಾಗ್ಗೆ ಉಪಶಮನ ತಜ್ಞರ ಬಳಿಗೆ ಕಳಿಸುತ್ತೇವೆ ಎಂದವರು ಶೇ. 16 ಮಾತ್ರ, ನೋವಿನ ತಜ್ಞರ ಬಳಿಗೆ ಶೇ. 14. ಕಳಿಸಿದರೆ ರೋಗಿ ಎದೆಗುಂದುತ್ತಾನೆ ಎಂಬ ಅಳುಕು ವೈದ್ಯರಲ್ಲಿದೆ. ನಿಮ್ಮ ಪ್ರಶ್ನೆ ನೋಡಿದರೆ ಆ ಅಳುಕು ಆಧಾರವಿಲ್ಲದ್ದಲ್ಲ.

ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಿಮಗೆ ಹೇಳಬೇಕು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೇ ಆರಂಭದಿಂದ ಉಪಶಮನ ಚಿಕಿತ್ಸೆ ಕೊಡಲಾಯಿತು. ಎರಡನೆಯ ಗುಂಪಿನವರ ದಿನನಿತ್ಯದ ಬದುಕು ಹಗುರವಾಯಿತು, ಖಿನ್ನತೆ ಕಡಿಮೆಯಾಯಿತು. ಅಷ್ಟೇ ಅಲ್ಲ, ಅವರಲ್ಲಿ ಅರ್ಧದಷ್ಟು ಮಂದಿ 11.6 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು, ಮೊದಲ ಗುಂಪಿನಲ್ಲಿ ಈ ಅಂಕಿ 8.9 ತಿಂಗಳು. ಎಲ್ಲ ಬಗೆಯ ಕ್ಯಾನ್ಸರಿಗೂ ಇದೇ ಅಂಕಿ ಅನ್ವಯಿಸುತ್ತದೆಂದು ಹೇಳಲಾರೆ. ಉಪಶಮನ ಚಿಕಿತ್ಸೆಗೆ ಹೋದವರು ಬೇಗ ಸಾಯುತ್ತಾರೆ ಎಂಬ ಭಯಕ್ಕಂತೂ ಅದರಲ್ಲಿ ಆಧಾರವಿಲ್ಲ.

ಆ ವಿಭಾಗದಲ್ಲಿ ನೋವಿನ ಜೊತೆಗೆ ನಿದ್ದೆ, ವಾಂತಿ, ಉಸಿರಾಟ, ಹುಣ್ಣಿನ ಆರೈಕೆ, ಮನೆಯ ಚಿಂತೆ, ದುಡ್ಡಿನ ಚಿಂತೆ ಎಲ್ಲವನ್ನೂ ಕೇಳುತ್ತಾರೆ. ನಿಮ್ಮನ್ನೂ ಕೇಳುತ್ತಾರೆ, ನಿಮಗೂ ಅದು ಬೇಕಾಗಿದೆ. ಮುಂದೆ ಎಂದಾದರೂ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ, ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಹಣ ಪಡೆಯದೆ ಆರೈಕೆ ಮಾಡುತ್ತವೆ. ಈಗ ನಿಮ್ಮ ಹೆಂಡತಿಗೆ ಬೇಕಾಗಿರುವುದು ಅದಲ್ಲ. ನೋವು ತಗ್ಗಿ, ಕೀಮೋವನ್ನು ತಾಳಿಕೊಳ್ಳುವ ತ್ರಾಣ. ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಮಾರ್ಫಿನ್ ಜಾತಿಯ ನೋವಿನ ಮಾತ್ರೆಗಳಿಂದ ಇಲ್ಲಿ ಎಷ್ಟು ಜನ ಸತ್ತಿದ್ದಾರೆಂದು ಕಂಡಿದ್ದೇನೆ. ದಾವಣಗೆರೆಯಲ್ಲಿರುವ ಅಪ್ಪನಿಗೆ ಅದೇ ಜಾತಿಯ ಔಷಧ ಕೊಡುತ್ತಿದ್ದಾರೆ. ನಿಲ್ಲಿಸಲು ಹೇಳಲೇ?
– ಓದುಗರು, ನ್ಯೂಜೆರ್ಸಿ

ಉತ್ತರ: ನಿಲ್ಲಿಸಲು ಹೇಳಬೇಡಿ. ನೀವು ಕಂಡದ್ದು ನಿಜವಾದ ದುರಂತ. ಅದರ ಬೇರು ಇದ್ದದ್ದು ಬೆನ್ನುನೋವು, ಶಸ್ತ್ರಚಿಕಿತ್ಸೆಯ ನಂತರದ ನೋವು ಮುಂತಾದವುಗಳಿಗೆ ಈ ಮಾತ್ರೆಗಳನ್ನು ಎಗ್ಗಿಲ್ಲದೆ ಬರೆದುಕೊಟ್ಟದ್ದರಲ್ಲಿ, ಆಮೇಲೆ ಕಳ್ಳಮಾರ್ಗದ ಹೆರಾಯಿನ್ ಮತ್ತು ಫೆಂಟನಿಲ್‌ನಲ್ಲಿ. ಆ ದೇಶದ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಬಿಗಿ ಮಾರ್ಗಸೂಚಿ ತಂದಾಗಲೂ ಕ್ಯಾನ್ಸರ್ ಚಿಕಿತ್ಸೆ, ಉಪಶಮನ ಚಿಕಿತ್ಸೆ ಮತ್ತು ಜೀವನದ ಕೊನೆಯ ಹಂತದ ಆರೈಕೆಯನ್ನು ಅದರ ಹೊರಗಿಟ್ಟಿತು. ನಮ್ಮಲ್ಲಿ ಇರುವುದು ತದ್ವಿರುದ್ಧ ಸ್ಥಿತಿ: ಬೇಕಾದವರಿಗೇ ಔಷಧ ತಲುಪುತ್ತಿಲ್ಲ. ತಂದೆಯವರಿಗೆ ಹಿಂದೆ ಕುಡಿತದ ಅಥವಾ ಬೇರೆ ಚಟದ ತೊಂದರೆ ಇದ್ದಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಹೇಳಿದರೂ ನೋವಿನ ಔಷಧ ತಪ್ಪುವುದಿಲ್ಲ, ನಿಗಾ ಹೆಚ್ಚಾಗುತ್ತದೆ ಅಷ್ಟೇ.

ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎಲ್ಲ ಮುಗಿದಿದೆ. ‘ನೀವೀಗ ಗುಣವಾಗಿದ್ದೀರಿ’ ಎನ್ನುತ್ತಾರೆ. ಆದರೆ ಕಂಕುಳು, ತೋಳಿನ ಒಳಭಾಗದಲ್ಲಿ ಉರಿ, ಪಾದಗಳಲ್ಲಿ ಸೂಜಿ ಚುಚ್ಚಿದಂತೆ ಆಗುತ್ತದೆ. ಹೇಳಿಕೊಳ್ಳಲು ಸಂಕೋಚ.
– ಓದುಗರು, ಉಡುಪಿ

ಉತ್ತರ: ಇದು ನಿಮ್ಮ ಕಲ್ಪನೆಯಲ್ಲ. ಗುಣಪಡಿಸುವ ಚಿಕಿತ್ಸೆ ಮುಗಿದ ನಂತರವೂ ನೋವು ಉಳಿದವರು ಸುಮಾರು ಶೇ. 39 ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2016ರಲ್ಲಿ ತೋರಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ನರಗಳಿಗೆ ಪೆಟ್ಟಾದರೆ ತೋಳಿನ ಒಳಭಾಗ ಉರಿಯುತ್ತದೆ, ಪ್ಯಾಕ್ಲಿಟ್ಯಾಕ್ಸೆಲ್‌ನಂತಹ ಕೀಮೋ ಔಷಧಗಳು ಕೈಕಾಲುಗಳ ತುದಿಯ ನರಗಳನ್ನು ಬಾಧಿಸುತ್ತವೆ. ಗಡ್ಡೆಯನ್ನೇ ನೋಡುವ ಕಣ್ಣಿಗೆ, ಗಡ್ಡೆ ಹೋದ ಮೇಲೆ ಉಳಿದ ಈ ನೋವು ಕಾಣದೇ ಹೋಗುತ್ತದೆ.

ನರದ ನೋವಿಗೆ ಪ್ಯಾರಾಸಿಟಮಾಲ್ ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್‌ನಂತಹ ಔಷಧಗಳಿವೆ. ಕೀಮೋದಿಂದ ಬಂದ ಪಾದದ ನೋವಿಗೆ ಇವುಗಳಲ್ಲಿ ಹೆಚ್ಚು ಆಧಾರವಿರುವುದು ಡ್ಯುಲಾಕ್ಸೆಟಿನ್‌ಗೆ. ಇವು ಖಿನ್ನತೆಗೆ ಅಥವಾ ಮೂರ್ಛೆರೋಗಕ್ಕೆ ಕೊಡುವ ಮಾತ್ರೆಗಳಲ್ಲವೇ ಎಂದು ಅಂಗಡಿಯವರು ಹೇಳಿದರೆ ಗಾಬರಿಯಾಗಬೇಡಿ, ನರದ ನೋವಿಗೂ ಅವೇ. ತೋಳಿಗೆ ಫಿಸಿಯೋಥೆರಪಿ ಬೇಕಾಗಬಹುದು. ಮುಂದಿನ ಭೇಟಿಯಲ್ಲಿ ಡಾಕ್ಟರು ವರದಿ ನೋಡಿ ‘ಎಲ್ಲ ಚೆನ್ನಾಗಿದೆ’ ಎಂದಾಗ ಎದ್ದು ಬರಬೇಡಿ. ಉರಿ ಎಲ್ಲಿ, ಯಾವಾಗಿನಿಂದ, ಎಷ್ಟು ಎಂದು ಹೇಳಿ, ನೋವಿಗೆ ಏನು ಮಾಡೋಣ ಎಂದು ನೇರವಾಗಿ ಕೇಳಿ. ಇವಲ್ಲದೆ ಹೊಸ ಜಾಗದಲ್ಲಿ, ಅದರಲ್ಲೂ ಮೂಳೆಯಲ್ಲಿ, ದಿನದಿಂದ ದಿನಕ್ಕೆ ಏರುವ ನೋವು ಕಾಣಿಸಿಕೊಂಡರೆ ಮುಂದಿನ ಭೇಟಿಯವರೆಗೂ ಕಾಯದೆ ಮೊದಲೇ ಹೋಗಿ ತೋರಿಸಿ.